ಅಂಗಳದ ಮಾತು: ಸರದಿ ತಪ್ಪಿದಾಗ



ಕಳೆದ ತಿಂಗಳು ಸಂಘದ ಕಾರ್ಯಕ್ರಮ ಮುಗಿದು, ನಾನು ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದೆ. ನಿಮ್ಮಲ್ಲೇ ಒಬ್ಬಳು ಬಂದು ಕೈ ಹಿಡಿದು ಪಕ್ಕಕ್ಕೆ ಕರೆದಳು. ಹಿಂಜವಡಿಯಲ್ಲಿ ಕೆಲಸ ಮಾಡುವ ಹುಡುಗಿ. ಹೆಸರು ಬೇಡ. ಆರು ವರ್ಷ ಒಂದೇ ಕಂಪನಿಯಲ್ಲಿ ದುಡಿದಿದ್ದಾಳೆ. ಈ ಸಲ ಅವಳಿಗೇ ಬಡ್ತಿ ಎಂದು ಎಲ್ಲರೂ ಹೇಳುತ್ತಿದ್ದರಂತೆ. ಬಂದದ್ದು ಅವಳೇ ಕೆಲಸ ಕಲಿಸಿದ ಹುಡುಗನಿಗೆ. "ಆಂಟಿ, ನಾಳೆ ಹೋಗಿ ರಾಜೀನಾಮೆ ಕೊಟ್ಟುಬಿಡಲಾ?" ಎಂದು ಕೇಳಿದಳು. ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಗಂಟಲು ಗಟ್ಟಿಯಾಗಿತ್ತು.

ನಾನು ಏನು ಹೇಳಿದೆ ಗೊತ್ತೇ? "ಎಲ್ಲದಕ್ಕೂ ಕಾಲ ಬರುತ್ತದೆ ಮಗಳೇ, ದೇವರಿದ್ದಾನೆ" ಎಂದೆ. ರಿಕ್ಷಾ ಹತ್ತಿ ಕೋಥ್ರೂಡಿನ ಮನೆಗೆ ಬರುವಷ್ಟರಲ್ಲಿ ನನಗೇ ನಾಚಿಕೆಯಾಯಿತು. ಅವಳು ಕೇಳಿದ್ದು ನೇರವಾದ ಪ್ರಶ್ನೆ. ನಾನು ಕೊಟ್ಟದ್ದು ಕ್ಯಾಲೆಂಡರಿನ ಹಿಂದೆ ಅಚ್ಚು ಹಾಕುವಂಥ ಉತ್ತರ.

ಅದೇ ವಾರ ನಮ್ಮ ಕಟ್ಟಡದ ಕೆಳಗಿನ ಮನೆಯ ಹುಡುಗ ಬಂದಿದ್ದ. ಲಾ ಕಾಲೇಜ್ ರಸ್ತೆಯ ಕಾಲೇಜಿನಲ್ಲಿ ವಕೀಲಿ ಓದುತ್ತಿದ್ದಾನೆ. ಪರೀಕ್ಷೆಗೆ 'ಕೇಶವಾನಂದ ಭಾರತಿ ಮೊಕದ್ದಮೆ' ಉರು ಹೊಡೆಯುತ್ತಿದ್ದ. "ಆ ಕೇಶವಾನಂದ ಭಾರತಿ ಯಾರೋ?" ಎಂದು ಕೇಳಿದೆ. "ಯಾರೋ ಕೇರಳದ ಸ್ವಾಮಿ, ಆಂಟಿ" ಎಂದ. ಅವರ ಮಠ ಕನ್ನಡದ ಮಠ, ಅವರು ಯಕ್ಷಗಾನದ ಪದಗಳನ್ನು ಸೊಗಸಾಗಿ ಹಾಡುತ್ತಿದ್ದರು ಎಂದಾಗ ಅವನು ಪುಸ್ತಕ ಮುಚ್ಚಿ ನನ್ನ ಮುಖ ನೋಡಿದ. ಆ ತೀರ್ಪು ಬರೆದವರಲ್ಲಿ ಒಬ್ಬರು ನಮ್ಮ ಕಾರ್ಕಳದ ಕಡೆಯವರು ಎಂದೂ ಹೇಳಿದೆ. ಹೇಳುತ್ತಿದ್ದಂತೆ ಹಿಂಜವಡಿಯ ಹುಡುಗಿಗೆ ನಾನು ಹೇಳಬೇಕಾಗಿದ್ದ ಕಥೆ ಅದೇ ಎಂದು ಹೊಳೆಯಿತು. ಆದ್ದರಿಂದ ಈ ಸಲದ ಅಂಗಳದ ಮಾತು ಕೆ. ಎಸ್. ಹೆಗ್ಡೆಯವರ ಬಗ್ಗೆ. ಕನ್ನಡ ಓದಲು ಕಷ್ಟವಾಗುವವರು ಅಮ್ಮನಿಂದಲೋ ಅಜ್ಜಿಯಿಂದಲೋ ಓದಿಸಿಕೊಂಡು ಕೇಳಿ. ಅವರಿಗೂ ಸ್ವಲ್ಪ ಹೊತ್ತು ನಿಮ್ಮ ಜೊತೆ ಕೂತ ಹಾಗಾಗುತ್ತದೆ.

ಕೌಡೂರು ಸದಾನಂದ ಹೆಗ್ಡೆಯವರು ಹುಟ್ಟಿದ್ದು 1909ರ ಜೂನ್ 11ರಂದು, ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ. ಆಗ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಮೈಸೂರು ಬೇರೆ ರಾಜ್ಯ, ಧಾರವಾಡ ಮುಂಬಯಿ ಪ್ರಾಂತ್ಯ. ಹಾಗಾಗಿ ನಮ್ಮ ಕಡೆಯ ಬುದ್ಧಿವಂತ ಹುಡುಗರು ಮಂಗಳೂರಿನಲ್ಲಿ ಕಾಲೇಜು ಮುಗಿಸಿ ಮುಂದಿನ ಓದಿಗೆ ಮದರಾಸಿಗೆ ಹೋಗುತ್ತಿದ್ದರು. ಹೆಗ್ಡೆಯವರೂ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಓದಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೂ ಲಾ ಕಾಲೇಜಿಗೂ ಹೋಗಿ ಬಂದರು. ಮತ್ತೆ ಊರ ಕಡೆಗೇ ಬಂದು ಕರಿ ಕೋಟು ಹಾಕಿಕೊಂಡರು.

ಸಣ್ಣ ಊರಿನ ವಕೀಲಿ ಎಂದರೆ ಏನು ಎಂದು ನಿಮಗೆ ಸ್ವಲ್ಪ ಹೇಳಬೇಕು. ಸಿನಿಮಾದಲ್ಲಿ ತೋರಿಸುವ ಹಾಗೆ ಮೇಜು ಗುದ್ದಿ ಕೂಗುವುದಲ್ಲ. ನನ್ನ ಸೋದರಮಾವ ಒಬ್ಬರು ವಕೀಲರ ಗುಮಾಸ್ತರಾಗಿದ್ದರು. ಬೆಳಿಗ್ಗೆ ಏಳಕ್ಕೇ ವಕೀಲರ ಮನೆಯ ಜಗಲಿಯಲ್ಲಿ ಕಕ್ಷಿದಾರರು ಬಂದು ಕೂರುತ್ತಿದ್ದರಂತೆ. ಒಬ್ಬನ ಕೈಯಲ್ಲಿ ಬಾಳೆಗೊನೆ, ಇನ್ನೊಬ್ಬನ ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಅಜ್ಜನ ಕಾಲದ ಕಾಗದಪತ್ರ. ವ್ಯಾಜ್ಯಗಳು ಹೆಚ್ಚಿನವು ಭೂಮಿಯದ್ದೇ. ಮೂಲಗೇಣಿ, ಚಾಲಗೇಣಿ ಎಂದು ನಮ್ಮಲ್ಲಿ ಎರಡು ಬಗೆಯ ಗೇಣಿ. ಮೂಲಗೇಣಿಯ ಒಕ್ಕಲನ್ನು ಎಬ್ಬಿಸಲು ಆಗದು. ಚಾಲಗೇಣಿಯವನು ಧಣಿಯ ಮರ್ಜಿಯಲ್ಲಿ ಇರಬೇಕು. ಇನ್ನು ಬಂಟರಲ್ಲಿ, ಬಿಲ್ಲವರಲ್ಲಿ ಅಳಿಯಸಂತಾನ, ಅಂದರೆ ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಕಟ್ಟು. ಮಾವನ ಆಸ್ತಿ ಅಳಿಯನಿಗೆ. ಇಲ್ಲಿ 'ಅಳಿಯ' ಎಂದರೆ ಮಗಳ ಗಂಡನಲ್ಲ, ಅಕ್ಕತಂಗಿಯರ ಮಗ! ನೂರು ಜನರ ಕೂಡುಕುಟುಂಬದಲ್ಲಿ ಪಾಲು ಕೇಳಿದರೆ ವ್ಯಾಜ್ಯ ಎಷ್ಟು ವರ್ಷ ಎಳೆಯುತ್ತದೆ ಎಂದು ನೀವೇ ಊಹಿಸಿ. ಇಂಥ ಮೊಕದ್ದಮೆಗಳನ್ನು ನಡೆಸುವ ವಕೀಲನಿಗೆ ಕಾನೂನಿನ ಜೊತೆಗೆ ಮನುಷ್ಯರ ಪರಿಚಯವೂ ಆಗುತ್ತದೆ. ಅಣ್ಣತಮ್ಮಂದಿರು ಒಂದು ಗೇಣು ಜಾಗಕ್ಕಾಗಿ ಹೇಗೆ ಸುಳ್ಳು ಹೇಳುತ್ತಾರೆ, ಏನೂ ಓದದ ಮುದುಕಿ ಹೇಗೆ ಸತ್ಯ ಹೇಳಿ ಸೋಲುತ್ತಾಳೆ, ಎಲ್ಲ ಕಣ್ಣೆದುರೇ ನಡೆಯುತ್ತದೆ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಹೆಗ್ಡೆಯವರು ಜಿಲ್ಲೆಯ ಸರ್ಕಾರಿ ವಕೀಲರೂ ಪಬ್ಲಿಕ್ ಪ್ರಾಸಿಕ್ಯೂಟರರೂ ಆಗಿದ್ದರು. 1952ರಲ್ಲಿ ರಾಜ್ಯಸಭೆ ಮೊದಲ ಬಾರಿಗೆ ಕೂಡಿದಾಗ ಮದ್ರಾಸ್ ರಾಜ್ಯದಿಂದ ಕಾಂಗ್ರೆಸ್ ಸದಸ್ಯರಾಗಿ ದಿಲ್ಲಿಗೆ ಹೋದರು. 1954ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಗೆ ಹೋದ ಭಾರತದ ನಿಯೋಗದಲ್ಲೂ ಇದ್ದರು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾಯಿತು. ದಕ್ಷಿಣ ಕನ್ನಡ ಹೊಸ ಮೈಸೂರು ರಾಜ್ಯಕ್ಕೆ ಬಂತು, ಅದರ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1957ರಲ್ಲಿ ಹೆಗ್ಡೆಯವರು ರಾಜ್ಯಸಭೆ ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. 1966ರಲ್ಲಿ ದಿಲ್ಲಿಗೆ ಸ್ವಂತ ಹೈಕೋರ್ಟ್ ಆದಾಗ ಅದರ ಮೊದಲ ಮುಖ್ಯ ನ್ಯಾಯಮೂರ್ತಿ ಅವರೇ. ಮರುವರ್ಷ, 1967ರಲ್ಲಿ, ಸುಪ್ರೀಂ ಕೋರ್ಟಿಗೆ ಹೋದರು.

ಇಷ್ಟು ಓದಿ 'ಇದು ಬರೀ ಬಯೋಡೇಟಾ' ಎಂದು ಆಕಳಿಸಬೇಡಿ. ಈಗ ಒಂದು ಕಥೆ.

1966ರ ಸುಮಾರಿಗೆ ಭಾರತೀಯ ಅರಣ್ಯ ಸೇವೆ ಎಂಬ ಹೊಸ ಕೇಡರ್ ಆಯಿತು. ಜಮ್ಮು ಕಾಶ್ಮೀರದ ಅರಣ್ಯ ಅಧಿಕಾರಿಗಳಿಂದ ಯೋಗ್ಯರನ್ನು ಆರಿಸಲು ಒಂದು ಮಂಡಳಿ ಮಾಡಿದರು. ಆ ರಾಜ್ಯದ ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಆ ಮಂಡಳಿಯ ಸದಸ್ಯರು. ತಮಾಷೆ ಎಂದರೆ, ಅವರೇ ಒಬ್ಬ ಅಭ್ಯರ್ಥಿ ಕೂಡ. ತಮ್ಮ ಹೆಸರು ಬಂದಾಗ ಅವರು ಮಂಡಳಿಯಲ್ಲಿ ಕೂರಲಿಲ್ಲ. ಆದರೆ ತಮ್ಮ ಜೊತೆ ಸ್ಪರ್ಧೆಯಲ್ಲಿದ್ದವರ ಹೆಸರು ಬಂದಾಗ ಕೂತರು. ಪಟ್ಟಿಯ ಕ್ರಮ ಹಾಕುವಾಗಲೂ ಕೂತರು. ಪಟ್ಟಿ ಬಂದಾಗ ಮೊದಲ ಹೆಸರು ಯಾರದ್ದು? ಅವರದ್ದೇ.

ನಮ್ಮ ರಾಜ್ಯೋತ್ಸವದ ರಂಗೋಲಿ ಸ್ಪರ್ಧೆಯಲ್ಲಿ ಹೀಗಾದರೆ ನೀವು ಬಿಡುತ್ತೀರಾ? ಸರ್ಕಾರ ಮಾತ್ರ ವಾದಿಸಿತು: ಇದು ಕೋರ್ಟಿನ ವಿಚಾರಣೆ ಅಲ್ಲ, ಬರೀ ಆಡಳಿತದ ಕೆಲಸ. ಸಹಜ ನ್ಯಾಯದ ನಿಯಮಗಳು ಇದಕ್ಕೆ ಅನ್ವಯಿಸುವುದಿಲ್ಲ. 1969ರಲ್ಲಿ ಐದು ನ್ಯಾಯಮೂರ್ತಿಗಳ ಪೀಠದ ಪರವಾಗಿ ತೀರ್ಪು ಬರೆದವರು ಹೆಗ್ಡೆಯವರು. ಅದಕ್ಕೆ ಕ್ರೈಪಾಕ್ ಮೊಕದ್ದಮೆ ಎಂದು ಹೆಸರು. ಆಡಳಿತದ ತೀರ್ಮಾನ, ನ್ಯಾಯಾಲಯದ ತೀರ್ಮಾನ ಎಂಬ ಗೆರೆ ಸವೆಯುತ್ತಾ ಬಂದಿದೆ. ಮನುಷ್ಯನ ಬದುಕನ್ನು ತಟ್ಟುವ ತೀರ್ಮಾನ ಯಾರೇ ಮಾಡಲಿ, ಅನ್ಯಾಯವಾಗದ ಹಾಗೆ ಮಾಡಬೇಕು ಎನ್ನುವುದು ಅದರ ಸಾರಾಂಶ. ಆ ಅಧಿಕಾರಿ ನಿಜಕ್ಕೂ ಪಕ್ಷಪಾತ ಮಾಡಿದರೇ ಎಂದು ಮನಸ್ಸನ್ನು ಬಗೆದು ನೋಡಲು ಆಗದು. ಪಕ್ಷಪಾತಕ್ಕೆ ಎಡೆಯಿತ್ತೇ ಎಂದು ನೋಡಿದರೆ ಸಾಕು ಎಂದರು. ಆಯ್ಕೆಯನ್ನು ರದ್ದು ಮಾಡಿದರು. ಇವತ್ತಿಗೂ ನಮ್ಮ ದೇಶದಲ್ಲಿ ಸರ್ಕಾರಿ ನೌಕರನೊಬ್ಬ 'ನನ್ನ ಮಾತು ಕೇಳದೆ ತೀರ್ಮಾನ ಮಾಡಿದರು' ಎಂದು ಕೋರ್ಟಿಗೆ ಹೋದರೆ ವಕೀಲರು ಈ ತೀರ್ಪನ್ನು ತೆಗೆಯುತ್ತಾರೆ.

ಈಗ ಕೇಶವಾನಂದ ಭಾರತಿಯವರ ಮಾತು. ಕಾಸರಗೋಡಿನ ಹತ್ತಿರ ಎಡನೀರು ಎಂಬಲ್ಲಿ ಶಂಕರ ಪರಂಪರೆಯ ಒಂದು ಮಠವಿದೆ. ಕಾಸರಗೋಡು ಕೇರಳಕ್ಕೆ ಹೋದದ್ದರಿಂದ ಕೇರಳದ ಭೂಸುಧಾರಣಾ ಕಾನೂನು ಆ ಮಠದ ಜಮೀನಿಗೂ ಬಂತು. ಆಗ ಇನ್ನೂ ಮೂವತ್ತು ದಾಟಿರದ ಸ್ವಾಮಿಗಳು 1970ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಅಷ್ಟರಲ್ಲಿ ಬ್ಯಾಂಕ್ ರಾಷ್ಟ್ರೀಕರಣ, ರಾಜಧನ ರದ್ದತಿ ಎರಡರಲ್ಲೂ ಸರ್ಕಾರ ಕೋರ್ಟಿನಲ್ಲಿ ಸೋತು, ಸಂವಿಧಾನವನ್ನೇ ತಿದ್ದುಪಡಿ ಮಾಡಿತ್ತು. ಆ ಎರಡೂ ಮೊಕದ್ದಮೆಗಳಲ್ಲಿ ಹೆಗ್ಡೆಯವರು ಸರ್ಕಾರದ ವಿರುದ್ಧ ತೀರ್ಪಿತ್ತ ಬಹುಮತದಲ್ಲಿದ್ದರು. ಹೀಗೆ ಮಠದ ಗದ್ದೆಯ ವ್ಯಾಜ್ಯ ಬೆಳೆದು ಬೆಳೆದು ದೇಶದ ಪ್ರಶ್ನೆಯಾಯಿತು: ಪಾರ್ಲಿಮೆಂಟು ಸಂವಿಧಾನವನ್ನು ಎಷ್ಟು ಬೇಕಾದರೂ ತಿದ್ದಬಹುದೇ?

ಹದಿಮೂರು ನ್ಯಾಯಮೂರ್ತಿಗಳು ಕೂತರು. ನಾನಿ ಪಾಲ್ಖೀವಾಲರು ಸ್ವಾಮಿಗಳ ಪರ ವಾದಿಸಿದರು. 1972ರ ಅಕ್ಟೋಬರ್ ಕೊನೆಯಿಂದ 1973ರ ಮಾರ್ಚ್‌ವರೆಗೆ 68 ದಿನ ವಾದ ನಡೆಯಿತು. 1973ರ ಏಪ್ರಿಲ್ 24ರಂದು ತೀರ್ಪು. ಏಳು ಜನ ಒಂದು ಕಡೆ, ಆರು ಜನ ಇನ್ನೊಂದು ಕಡೆ. ಪಾರ್ಲಿಮೆಂಟು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು ಆ ಏಳು ಜನ ಹೇಳಿದರು. ಹೆಗ್ಡೆಯವರು ನ್ಯಾಯಮೂರ್ತಿ ಮುಖರ್ಜಿಯವರ ಜೊತೆ ಸೇರಿ ಒಂದೇ ತೀರ್ಪು ಬರೆದರು. ದೇಶದ ಸಾರ್ವಭೌಮತ್ವ, ಪ್ರಜಾಪ್ರಭುತ್ವ, ಏಕತೆ, ವ್ಯಕ್ತಿಯ ಸ್ವಾತಂತ್ರ್ಯದ ತಿರುಳು, ಕಲ್ಯಾಣ ರಾಜ್ಯ ಕಟ್ಟುವ ಹೊಣೆ, ಇವನ್ನು ಮುಟ್ಟುವ ಹಾಗಿಲ್ಲ ಎಂದು ಅದರಲ್ಲಿದೆ. ಮನೆಗೆ ಸುಣ್ಣ ಬಣ್ಣ ಮಾಡಿ, ಅಡುಗೆಮನೆ ದೊಡ್ಡದು ಮಾಡಿ, ಮೇಲೊಂದು ಮಹಡಿ ಏರಿಸಿ, ಪಾಯ ಕೀಳಬೇಡಿ. ನಾನು ಆ ಹುಡುಗನಿಗೆ ಬಿಡಿಸಿ ಹೇಳಿದ್ದು ಹೀಗೆ.

ಸೋತ ಆರು ಜನರಲ್ಲಿ ನಮ್ಮ ಪುಣೆಯವರೂ ಒಬ್ಬರಿದ್ದರು, ಯಶವಂತ ವಿಷ್ಣು ಚಂದ್ರಚೂಡ್. ಇಲ್ಲಿಯೇ ಹುಟ್ಟಿ, ಇಲ್ಲಿಯ ಐಎಲ್‌ಎಸ್ ಲಾ ಕಾಲೇಜಿನಲ್ಲಿ ಓದಿದವರು. ಭಿನ್ನ ಅಭಿಪ್ರಾಯ ಇಟ್ಟುಕೊಂಡವರೆಲ್ಲ ಕೆಟ್ಟವರು ಎಂದು ತಿಳಿಯಬೇಡಿ. ಜನ ಆರಿಸಿ ಕಳಿಸಿದ ಪಾರ್ಲಿಮೆಂಟಿನ ಕೈ ಕಟ್ಟಲು ಹದಿಮೂರು ನ್ಯಾಯಾಧೀಶರು ಯಾರು ಎಂಬುದು ತೂಕದ ಪ್ರಶ್ನೆಯೇ. ಮುಂದೆ 1980ರಲ್ಲಿ, ತಾವೇ ಮುಖ್ಯ ನ್ಯಾಯಮೂರ್ತಿಯಾಗಿದ್ದಾಗ, ಚಂದ್ರಚೂಡರು ಮಿನರ್ವಾ ಮಿಲ್ಸ್ ಮೊಕದ್ದಮೆಯಲ್ಲಿ ಅದೇ ಮೂಲ ಸ್ವರೂಪದ ತತ್ತ್ವವನ್ನು ಹಿಡಿದು ತೀರ್ಪು ಕೊಟ್ಟರು.

ತೀರ್ಪು ಬಂದ ಮರುದಿನ, ಏಪ್ರಿಲ್ 25ರಂದು, ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರು ನಿವೃತ್ತರಾದರು. ಅವರ ನಂತರ ಹಿರಿತನದಲ್ಲಿ ಶೆಲತ್, ಆಮೇಲೆ ಹೆಗ್ಡೆ, ಆಮೇಲೆ ಗ್ರೋವರ್, ನಾಲ್ಕನೆಯವರು ಎ. ಎನ್. ರೇ. ಅನಾರೋಗ್ಯದ ಒಂದು ಸಂದರ್ಭ ಬಿಟ್ಟರೆ ಅಲ್ಲಿಯವರೆಗೆ ಯಾವಾಗಲೂ ಹಿರಿಯರೇ ಮುಖ್ಯ ನ್ಯಾಯಮೂರ್ತಿ ಆಗುತ್ತಿದ್ದರು. ಆ ಸಂಜೆ ರೇಡಿಯೋ ಸುದ್ದಿಯಲ್ಲಿ ಬಂದ ಹೆಸರು ರೇ ಅವರದ್ದು. ಮೂರು ಜನ ಹಿರಿಯರನ್ನು ದಾಟಿ ನಾಲ್ಕನೆಯವರು. ದಾಟಿಸಿಕೊಂಡ ಮೂವರೂ ಹಿಂದಿನ ದಿನ ಸರ್ಕಾರದ ವಿರುದ್ಧ ಬರೆದವರು. ರೇ ಅವರು ಸರ್ಕಾರದ ಪರ ಬರೆದವರು.

ಹೆಗ್ಡೆಯವರ ಲೆಕ್ಕದಲ್ಲಿ ಇನ್ನೂ ಒಂದು ಪುಟ ಇತ್ತು. 1971ರ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಗೆಲುವನ್ನು ಪ್ರಶ್ನಿಸಿ ರಾಜನಾರಾಯಣ್ ಹಾಕಿದ ಮೊಕದ್ದಮೆ ಅಲಹಾಬಾದಿನಲ್ಲಿ ನಡೆಯುತ್ತಿತ್ತು. ಅದರ ನಡುವೆ ಎದ್ದ ಒಂದು ಅರ್ಜಿ 1972ರಲ್ಲಿ ಹೆಗ್ಡೆಯವರಿದ್ದ ಪೀಠಕ್ಕೆ ಬಂದು, ರಾಜನಾರಾಯಣರ ಪರ ಆಗಿತ್ತು. ಆ ಮೊಕದ್ದಮೆಯೇ ಮುಂದೆ 1975ರ ಜೂನ್ 12ರ ತೀರ್ಪಿಗೂ, ಅದರ ಬೆನ್ನಿಗೆ ಬಂದ ತುರ್ತುಪರಿಸ್ಥಿತಿಗೂ ದಾರಿಯಾಯಿತು.

ಸರ್ಕಾರಕ್ಕೂ ಒಂದು ವಾದ ಇತ್ತು, ಅದನ್ನೂ ಹೇಳಬೇಕು. ಬರೀ ಹಿರಿತನ ನೋಡಿ ಮುಖ್ಯ ನ್ಯಾಯಮೂರ್ತಿಯನ್ನು ಮಾಡಬಾರದು ಎಂದು 1958ರಲ್ಲೇ ಕಾನೂನು ಆಯೋಗ ಹೇಳಿತ್ತು. ಮಂತ್ರಿ ಮೋಹನ್ ಕುಮಾರಮಂಗಲಂ ಪಾರ್ಲಿಮೆಂಟಿನಲ್ಲಿ ಅದನ್ನು ಎತ್ತಿ ಹಿಡಿದರು. ಕಾಲದ ಗಾಳಿ ತಿಳಿದವರು ಬೇಕು ಎಂದೂ ವಾದಿಸಿದರು. ನಿಯಮ ಬದಲಾಯಿಸುವುದು ತಪ್ಪಲ್ಲ. ಆದರೆ ಆಟ ಸೋತ ಮರುದಿನ ಸಂಜೆಯೇ ನಿಯಮ ಬದಲಾಯಿಸಿದರೆ ಅದನ್ನು ಸುಧಾರಣೆ ಎಂದು ಯಾರು ನಂಬುತ್ತಾರೆ?

ಮೂವರೂ ರಾಜೀನಾಮೆ ಕೊಟ್ಟರು. ಶೆಲತ್ ಅವರು ಆ ಜುಲೈಯಲ್ಲಿ ನಿವೃತ್ತರಾಗಬೇಕಿತ್ತು. ಅವರ ನಂತರ ಸರದಿ ಹೆಗ್ಡೆಯವರದ್ದು, 1974ರ ಜೂನ್‌ವರೆಗೆ, ಸುಮಾರು ಹನ್ನೊಂದು ತಿಂಗಳು. ಕೌಡೂರಿನ ಹುಡುಗ ಭಾರತದ ಮುಖ್ಯ ನ್ಯಾಯಮೂರ್ತಿ ಆಗುವುದಕ್ಕೆ ಮೂರು ತಿಂಗಳೂ ಉಳಿದಿರಲಿಲ್ಲ. ತುಟಿ ಕಚ್ಚಿ ಕೂತಿದ್ದರೆ ಸುಪ್ರೀಂ ಕೋರ್ಟಿನ ಕುರ್ಚಿಯಾದರೂ ಒಂದು ವರ್ಷಕ್ಕೂ ಹೆಚ್ಚು ಉಳಿಯುತ್ತಿತ್ತು. ಕೂರಲಿಲ್ಲ. ತಮ್ಮ ಕೈಕೆಳಗೆ ಕೂತವರ ಕೆಳಗೆ ಕೂರುವುದು ಅವಮಾನ ಎಂಬುದಕ್ಕಿಂತ, ಮುಂದೆ ಪ್ರತಿ ನ್ಯಾಯಾಧೀಶನೂ ತೀರ್ಪು ಬರೆಯುವಾಗ ಸರ್ಕಾರದ ಮುಖ ನೋಡುವಂತಾಗುತ್ತದೆ ಎಂಬುದೇ ದೊಡ್ಡ ಭಯ. ಅದೇ ವರ್ಷ ಅವರು 'ಕ್ರೈಸಿಸ್ ಇನ್ ಇಂಡಿಯನ್ ಜುಡಿಷಿಯರಿ' ಎಂಬ ಪುಸ್ತಕ ಬರೆದರು.

ಆ ಭಯ ಸುಳ್ಳಾಗಲಿಲ್ಲ. ತುರ್ತುಪರಿಸ್ಥಿತಿಯಲ್ಲಿ, 1976ರ ಏಪ್ರಿಲ್ 28ರಂದು, ವಿಚಾರಣೆ ಇಲ್ಲದೆ ಸೆರೆಯಲ್ಲಿಟ್ಟವರು ಕೋರ್ಟಿಗೆ ಹೋಗುವಂತಿಲ್ಲ ಎಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರು. ಒಬ್ಬರೇ ಒಬ್ಬರು, ಎಚ್. ಆರ್. ಖನ್ನಾ, ಒಪ್ಪಲಿಲ್ಲ. 1977ರ ಜನವರಿಯಲ್ಲಿ ಅವರನ್ನೂ ದಾಟಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಖನ್ನಾ ಅವರೂ ರಾಜೀನಾಮೆ ಕೊಟ್ಟರು. ಆ ನಾಲ್ವರಲ್ಲಿ ನಮ್ಮ ಪುಣೆಯ ಚಂದ್ರಚೂಡರೂ ಇದ್ದರು. ನಲವತ್ತೊಂದು ವರ್ಷದ ನಂತರ, 2017ರಲ್ಲಿ, ಆ ತೀರ್ಪು ತಪ್ಪು ಎಂದು ಬರೆದವರು ಅವರ ಮಗ ನ್ಯಾಯಮೂರ್ತಿ ಧನಂಜಯ ಚಂದ್ರಚೂಡ್! ಮನೆಯಲ್ಲಿ ಅಪ್ಪನ ಮಾತಿಗೆ ಎದುರಾಡುವುದು ಹೇಗೆ ಎಂದು ಕೇಳುವವರು ಇದನ್ನು ಓದಿ ಕಲಿಯಬಹುದು.

1977ರ ಮಾರ್ಚ್ ಚುನಾವಣೆ ನನಗೆ ಮಸುಕಾಗಿ ನೆನಪಿದೆ. ನಾನು ಮೂರನೆಯ ಕ್ಲಾಸು. ನಮ್ಮಪ್ಪ ಮೇಷ್ಟ್ರು. ರೇಡಿಯೋ ಪಕ್ಕ ಕೂತು ಪೆನ್ಸಿಲಿನಿಂದ ಲೆಕ್ಕ ಬರೆಯುತ್ತಿದ್ದರು. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದರೂ ಕರ್ನಾಟಕದ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ ಬಂದಿತ್ತು. ಜನತಾ ಪಕ್ಷ ಗೆದ್ದದ್ದು ಎರಡೇ. ಅದರಲ್ಲಿ ಒಂದು ಬೆಂಗಳೂರು ದಕ್ಷಿಣ, ಗೆದ್ದವರು ಕೆ. ಎಸ್. ಹೆಗ್ಡೆ. "ನಮ್ಮ ಕೌಡೂರಿನವರು ಗೆದ್ದರು" ಎಂದು ಅಪ್ಪ ಅಮ್ಮನಿಗೆ ಹೇಳಿದರು. ಅಮ್ಮ ಒಲೆಯ ಮುಂದಿನಿಂದ "ಹೌದಾ, ಬಿಸಿ ಗಂಜಿ ಬಡಿಸಲಾ?" ಎಂದದ್ದೂ ನೆನಪಿದೆ. ಆ ಜುಲೈ 21ರಂದು ಹೆಗ್ಡೆಯವರು ಲೋಕಸಭೆಯ ಸಭಾಧ್ಯಕ್ಷರಾದರು.

ಇಲ್ಲಿಗೆ ಕಥೆ ನಿಲ್ಲಿಸಿದರೆ ಚೆಂದ. ಆದರೆ ನಿಮಗೆ ಅರ್ಧ ಕಥೆ ಹೇಳಿ ನಾನೇನು ಮಾಡಲಿ? 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿಯವರು ನಮ್ಮ ಚಿಕ್ಕಮಗಳೂರಿನಿಂದ ಗೆದ್ದು ಲೋಕಸಭೆಗೆ ಬಂದರು. ಹಿಂದೆ ಮಾರುತಿ ಕಂಪನಿಯ ಬಗ್ಗೆ ಪಾರ್ಲಿಮೆಂಟಿನ ಪ್ರಶ್ನೆಗೆ ಮಾಹಿತಿ ಕೂಡಿಸುತ್ತಿದ್ದ ಅಧಿಕಾರಿಗಳಿಗೆ ತೊಂದರೆ ಕೊಟ್ಟರು ಎಂದು ಹಕ್ಕುಚ್ಯುತಿ ಸಮಿತಿ ವರದಿ ಕೊಟ್ಟಿತ್ತು. ಡಿಸೆಂಬರ್ 19ರಂದು ಸಭೆ ಮತ ಹಾಕಿ ಅವರನ್ನು ಉಚ್ಚಾಟಿಸಿತು, ಅಧಿವೇಶನ ಮುಗಿಯುವವರೆಗೆ ಸೆರೆಮನೆಗೂ ಕಳಿಸಿತು. ಅವರನ್ನು ತಿಹಾರಕ್ಕೆ ಒಯ್ದದ್ದು ಸಭಾಧ್ಯಕ್ಷರ ಆದೇಶದ ಮೇಲೆ. ಸಭಾಧ್ಯಕ್ಷರು ಹೆಗ್ಡೆ.

ಕಾನೂನಿನಲ್ಲಿ ತಪ್ಪಿಲ್ಲ. ವಿಚಾರಣೆ ಮಾಡಿದ್ದು ಸಮಿತಿ, ತೀರ್ಮಾನ ಮಾಡಿದ್ದು ಸಭೆ, ಸಭಾಧ್ಯಕ್ಷರು ಮತ ಹಾಕುವುದಿಲ್ಲ. ಆದರೂ ನಾನು ಅವರ ಕ್ರೈಪಾಕ್ ತೀರ್ಪನ್ನೇ ಅವರ ಎದುರಿಗೆ ಇಟ್ಟು ನೋಡುತ್ತೇನೆ. ಪಕ್ಷಪಾತ ಮಾಡಿದರೇ ಎಂದು ಕೇಳಬೇಡಿ, ಅದಕ್ಕೆ ಎಡೆಯಿತ್ತೇ ಎಂದು ಕೇಳಿ ಎಂದಿದ್ದರಲ್ಲ? ಐದು ವರ್ಷದ ಹಿಂದೆ ಯಾರ ಸರ್ಕಾರ ತಮ್ಮ ಸರದಿ ತಪ್ಪಿಸಿತೋ ಅವರ ಸೆರೆವಾಸದ ಆದೇಶ ತಮ್ಮ ಕುರ್ಚಿಯಿಂದ ಹೋಗುವ ದಿನ, ಆ ಕುರ್ಚಿಯಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನಿಸುತ್ತದೆ. 1981ರ ಮೇಯಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನೇ ರದ್ದು ಮಾಡಿತು. ದೊಡ್ಡವರ ಬದುಕನ್ನು ಓದುವಾಗ ನಮಸ್ಕಾರವನ್ನೂ ಮಾಡಿ, ಪ್ರಶ್ನೆಯನ್ನೂ ಕೇಳಿ. ನ್ಯಾಯಾಧೀಶರಾಗಿದ್ದವರು ಇದಕ್ಕೆ ಬೇಸರಪಡಲಾರರು.

1980ರ ಜನವರಿಯಲ್ಲಿ ಅವರ ಸಭಾಧ್ಯಕ್ಷತೆ ಮುಗಿಯಿತು. ಅದಕ್ಕೆ ಮೊದಲೇ, 1979ರಲ್ಲಿ, ಕಾರ್ಕಳದ ಹತ್ತಿರ ನಿಟ್ಟೆಯಲ್ಲಿ ಒಂದು ಶಿಕ್ಷಣ ಟ್ರಸ್ಟ್ ಕಟ್ಟಿದ್ದರು. ಇವತ್ತು ನಿಟ್ಟೆ ಎಂದರೆ ನಿಮ್ಮಲ್ಲಿ ಹಲವರಿಗೆ ಇಂಜಿನಿಯರಿಂಗ್ ಕಾಲೇಜು ನೆನಪಾಗುತ್ತದೆ. ಪುಣೆಯಿಂದಲೂ ಹೋಗಿ ಓದಿದ ಮಕ್ಕಳಿದ್ದಾರೆ. 1990ರ ಮೇ 24ರಂದು ಹೆಗ್ಡೆಯವರು ತೀರಿಕೊಂಡರು. ಅವರ ಮಗ ಸಂತೋಷ್ ಹೆಗ್ಡೆಯವರೂ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ, ಆಮೇಲೆ ಕರ್ನಾಟಕದ ಲೋಕಾಯುಕ್ತರಾಗಿ ಗಣಿ ಹಗರಣದ ವರದಿ ಕೊಟ್ಟವರು. ಎಡನೀರಿನ ಸ್ವಾಮಿಗಳು 2020ರ ಸೆಪ್ಟೆಂಬರ್ 6ರವರೆಗೆ ಇದ್ದರು. ಮೊಕದ್ದಮೆಗೆ ಅವರ ಹೆಸರು ಶಾಶ್ವತವಾಯಿತು, ಗದ್ದೆ ಮಾತ್ರ ಮಠಕ್ಕೆ ಉಳಿಯಲಿಲ್ಲ.

ಈಗ ನಮ್ಮ ಹಿಂಜವಡಿಯ ಹುಡುಗಿಗೆ. ಹೆಗ್ಡೆಯವರು ಕೊಟ್ಟರು, ಆದ್ದರಿಂದ ನೀನೂ ಕೊಡು ಎಂದು ನಾನು ಹೇಳಿದರೆ ಅದು ಸುಲಭದ ಮಾತು. ಅವರಿಗೆ ಆಗ 63 ವರ್ಷ ದಾಟಿತ್ತು. ಕೈಯಲ್ಲಿ ವಕೀಲಿ ವಿದ್ಯೆ ಇತ್ತು. ದೇಶವೆಲ್ಲ ನೋಡುತ್ತಿತ್ತು.

ನಮ್ಮ ಮನೆಯಲ್ಲಿ ನಡೆದದ್ದು ಬೇರೆ. 2004ರಲ್ಲಿ ನಮ್ಮವರನ್ನು ದಾಟಿ ಅವರಿಗಿಂತ ಏಳು ವರ್ಷ ಕಿರಿಯರೊಬ್ಬರನ್ನು ಮೇಲೆ ಕೂರಿಸಿದರು. ಆ ರಾತ್ರಿ ಊಟದ ನಂತರ "ಒಂದು ರಾಜೀನಾಮೆ ಪತ್ರ ಬರೆದುಕೊಡು, ನಿನ್ನ ಇಂಗ್ಲಿಷ್ ಚೆನ್ನಾಗಿದೆ" ಎಂದರು. ನಾನು ಇಂಗ್ಲಿಷ್ ಬಿಎ ಮಾಡಿದ್ದಕ್ಕೆ ಅವತ್ತು ಕೆಲಸ ಸಿಕ್ಕಿತು! ನಾಲ್ಕೇ ಸಾಲು, ಒಂದೂ ಸಿಟ್ಟಿನ ಪದ ಇಲ್ಲದೆ ಬರೆದೆ. ಅವರು ಓದಿದರು, ಮಡಚಿದರು, ಕಪಾಟಿನಲ್ಲಿ ನನ್ನ ಸೀರೆಗಳ ಕೆಳಗೆ ಇಟ್ಟರು. ಫ್ಲಾಟಿನ ಸಾಲಕ್ಕೆ ಒಂಬತ್ತು ವರ್ಷ ಬಾಕಿ ಇತ್ತು, ಇಬ್ಬರು ಮಕ್ಕಳ ಶಾಲೆ ಇತ್ತು. ಆ ಪತ್ರ ಅಲ್ಲಿಂದ ಹೊರಗೆ ಬರಲೇ ಇಲ್ಲ. ಅವರು ಅದೇ ಕಿರಿಯರ ಕೈಕೆಳಗೆ ದುಡಿದು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಅವರು ಕೆಲಸ ಕಲಿಸಿದ ಹುಡುಗರು ಮನೆ ತುಂಬ ಬಂದಿದ್ದರು. ನಮ್ಮವರು ಹೇಡಿ ಎಂದು ನಾನು ಒಂದು ದಿನವೂ ಅಂದುಕೊಂಡಿಲ್ಲ. ಆದರೆ ಆ ಪತ್ರ ಇಟ್ಟಿದ್ದ ಸಂಜೆಗಳಲ್ಲಿ ಅವರು ಬಾಲ್ಕನಿಯಲ್ಲಿ ಒಬ್ಬರೇ ನಿಲ್ಲುತ್ತಿದ್ದದ್ದು ನನಗೆ ಗೊತ್ತು. ಬಿಟ್ಟು ಹೋಗುವುದಕ್ಕೂ ಬೆಲೆ ಇದೆ, ಉಳಿಯುವುದಕ್ಕೂ ಬೆಲೆ ಇದೆ. ಯಾವುದೂ ಪುಕ್ಕಟೆ ಅಲ್ಲ.

ಹಾಗಾಗಿ ಮಗಳೇ, ಮೊದಲ ಸಂಜೆಯ ಸಿಟ್ಟಿನಲ್ಲಿ ಏನೂ ಕೊಡಬೇಡ. ತಪ್ಪಿದ್ದು ನಿಯಮವೋ ಅಥವಾ ನಮ್ಮ ಆಸೆಯೋ ಎಂದು ಒಂದು ವಾರ ಯೋಚಿಸು. ಎರಡೂ ನೋಯುತ್ತವೆ, ಆದರೆ ಎರಡೂ ಒಂದೇ ಅಲ್ಲ. ಆ ಹುಡುಗನಿಗೆ ನಿಜಕ್ಕೂ ಹೆಚ್ಚು ಯೋಗ್ಯತೆ ಇದ್ದರೆ ಒಪ್ಪಿಕೊ, ನೀನೇ ಕಲಿಸಿದ್ದು ತಾನೇ. ಇಲ್ಲವಾದರೆ ಕಾರಣ ಕೇಳು, ಬಾಯಲ್ಲಿ ಅಲ್ಲ, ಬರಹದಲ್ಲಿ. ಕೇಳುವುದು ಅಧಿಕಪ್ರಸಂಗವಲ್ಲ. ಮನುಷ್ಯನ ಬದುಕು ತಟ್ಟುವ ತೀರ್ಮಾನಕ್ಕೆ ಕಾರಣ ಕೇಳುವ ಹಕ್ಕಿದೆ ಎಂದು ನಮ್ಮ ಕೌಡೂರಿನವರೇ ದಾರಿ ಮಾಡಿಕೊಟ್ಟಿದ್ದಾರೆ. ಆ ದಾರಿ ಕೋರ್ಟು ಕಚೇರಿಗಳದ್ದು, ಖಾಸಗಿ ಕಂಪನಿಗೆ ಹಾಗೇ ಅನ್ವಯಿಸದೆ ಇರಬಹುದು. ಕೇಳುವ ಧೈರ್ಯವಂತೂ ಎಲ್ಲಿ ಬೇಕಾದರೂ ನಡೆಯುತ್ತದೆ.

ಇನ್ನೊಂದು ಮಾತು ನಿಮಗೆಲ್ಲರಿಗೂ. ಹತ್ತು ವರ್ಷ ಕಳೆದರೆ ಇಂಟರ್ವ್ಯೂ ಮಂಡಳಿಯಲ್ಲಿ ಮೇಜಿನ ಆ ಬದಿಗೆ ಕೂರುವವರು ನೀವೇ. ಅಲ್ಲಿ ನಿಮ್ಮ ಗೆಳೆಯನ ಹೆಸರೋ, ನಿಮಗೆ ಹಿಂದೆ ನೋವು ಮಾಡಿದವನ ಹೆಸರೋ ಬಂದಾಗ ಸುಮ್ಮನೆ ಎದ್ದು ಹೊರಗೆ ಹೋಗಿ ಒಂದು ಚಹಾ ಕುಡಿದು ಬನ್ನಿ.

ಈ ಬರಹ ಕಳಿಸುವ ಮೊದಲು ಆ ಹುಡುಗಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಮೇಲಿನವರಿಗೆ ಪತ್ರ ಬರೆದಿದ್ದಾಳಂತೆ. "ನಾಲ್ಕೇ ಸಾಲು ಆಂಟಿ, ಸಿಟ್ಟಿನ ಪದ ಒಂದೂ ಇಲ್ಲ" ಎಂದಳು. ಉತ್ತರ ಇನ್ನೂ ಬಂದಿಲ್ಲ. ಬಂದರೆ, ಅವಳು ಒಪ್ಪಿದರೆ, ಮುಂದಿನ ಸಂಚಿಕೆಯಲ್ಲಿ ತಿಳಿಸುತ್ತೇನೆ.